ತಗಡಿನ ದಪ್ಪ

ಜೆಲಿನ್‌ಗೆ ಒಂದು ಚಿಂತೆ ಹತ್ತಿಕೊಂಡಿತ್ತು. ಯಾರ ಮುಂದೂ ಹೇಳಿಕೊಳ್ಳುವಂಥದ್ದಲ್ಲ. ಜನ ತನ್ನನ್ನು ಇಂಜಿನಿಯರ್ ಎಂದು ಕರೆದರೆ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಅವಳು ಇಂಜಿನಿಯರ್ ಅಲ್ಲ. ತಕ್ಲೋಬಾನ್ ನಗರದ ಕಾಲೇಜಿನಲ್ಲಿ ಸಿವಿಲ್ ಓದಿ ಪದವಿ ಪಡೆದದ್ದು ನಿಜ. ಆದರೆ ಸರ್ಕಾರದ ಲೈಸೆನ್ಸ್ ಪರೀಕ್ಷೆ ಇನ್ನೂ ಬರೆದಿರಲಿಲ್ಲ. ಅದನ್ನು ಬರೆಯದೆ ಯಾರೂ ಇಂಜಿನಿಯರ್ ಆಗುವುದಿಲ್ಲ. ಅವಳ ಊರು ಕಾಂಬಾತೊದಲ್ಲಿ ಮೀನು ಒಣಗಿಸುವ ಹೆಂಗಸರಿಗೆ ಇದೆಲ್ಲ ಬೇಕಿರಲಿಲ್ಲ. ಅವರು ಅವಳ ತಲೆಯ ಮೇಲಿನ ನೀಲಿ ಹೆಲ್ಮೆಟ್ ನೋಡಿ ಹಾಗೆ ಕರೆಯುತ್ತಿದ್ದರು. ಅವಳು ತಿದ್ದುತ್ತಿರಲಿಲ್ಲ. ‘ಇವತ್ತು ಮೂರು ಸಲ ಕರೆದರು. ಮೂರು ಸಲವೂ ತಿರುಗಿ ನೋಡಿದೆ’ ಎಂದು ಡೈರಿಯಲ್ಲಿ ಬರೆದಳು. ‘ನಾಚಿಕೆಯಾಗಬೇಕಿತ್ತು. ಆಗಲಿಲ್ಲ.’

ಮಾತು ಕಡಿಮೆಯ ಹುಡುಗಿ. ಅಂಗಡಿಯಲ್ಲಿ ಉಪ್ಪು ಕೇಳಲೂ ಎರಡು ಸಲ ಗಂಟಲು ಸರಿಮಾಡಿಕೊಳ್ಳುವವಳು. ಅಂಥವಳಿಗೆ ಊರಲ್ಲೇ ಸಿಕ್ಕ ಈ ಕೆಲಸ ಹೇಳಿ ಮಾಡಿಸಿದಂತಿತ್ತು. ಮಾತಿಲ್ಲದ ಕೆಲಸ. ಗುಡ್ಡದ ಮೇಲೆ ಅರವತ್ತು ಮನೆ ಏಳುತ್ತಿದ್ದವು. ಮನೆಗೊಂದು ಹಾಳೆ. ಹಾಳೆಯಲ್ಲಿ ಚಾವಣಿ ತಗಡಿನ ಬಣ್ಣ, ಉದ್ದ, ಹೊಡೆದ ಸ್ಕ್ರೂ ಎಷ್ಟು ಎಂದು ತುಂಬಬೇಕು. ದಪ್ಪದ ಕಡೆ ತುಂಬುವುದೇನೂ ಇರಲಿಲ್ಲ. ‘ಅರ್ಧ ಮಿಲಿಮೀಟರ್’ ಎಂದು ಮೊದಲೇ ಅಚ್ಚಾಗಿ ಬಂದಿತ್ತು. ಕೆಳಗೆ ‘ಅಳೆದು ನೋಡಿದವರು’ ಎಂಬಲ್ಲಿ ಅವಳ ಸಹಿ.

ಮೊದಲ ದಿನ ಅವಳು ದಪ್ಪ ಅಳೆಯುವ ಸ್ಕ್ರೂಗೇಜ್ ಕೇಳಿದ್ದಳು. ಗುತ್ತಿಗೆದಾರರ ಸೈಟ್ ಇಂಜಿನಿಯರ್ ವೆರ್ಗಾರಾ, ನಾಳೆ ಬರುತ್ತದೆ ಎಂದಿದ್ದ. ಎರಡನೇ ವಾರ ಕೇಳಿದಳು. ದಾರಿಯಲ್ಲಿದೆ ಎಂದ. ಮೂರನೇ ಸಲ ಕೇಳಲು ಸಂಕೋಚವಾಯಿತು. ಸಹಿ ಹಾಕಿದಳು. ಒಂದು ಮನೆಗೆ ಹಾಕಿದ ಮೇಲೆ ಎರಡನೆಯದಕ್ಕೆ ಕೈ ತಡೆಯಲಿಲ್ಲ.

ಕಾಂಬಾತೊ ಸಾಮಾರ್ ದ್ವೀಪದ ಮೂಡಣ ದಡದಲ್ಲಿದೆ. ಪೆಸಿಫಿಕ್ ಸಮುದ್ರದ ಬಿರುಗಾಳಿ ಮೊದಲು ಕಾಲಿಡುವುದು ಇಲ್ಲೇ. ಹನ್ನೊಂದು ವರ್ಷದ ಹಿಂದಿನ ಬಿರುಗಾಳಿಯಲ್ಲಿ ದಡದ ಒಂದು ಮನೆಯೂ ಉಳಿಯಲಿಲ್ಲ. ನೀರಿಗೆ ಸಿಕ್ಕಿ ಸತ್ತವರು ಬಹಳ. ತಗಡಿಗೆ ಸಿಕ್ಕಿ ಸತ್ತವರೂ ಇದ್ದರು. ಮನೆಯಿಂದ ಕಿತ್ತು ಹಾರಿದ ತಗಡು ಕತ್ತಿಗಿಂತ ಕೆಟ್ಟದ್ದು. ಕತ್ತಿ ಹಿಡಿದವನಾದರೂ ಕಣ್ಣಿಗೆ ಕಾಣುತ್ತಾನೆ.

ಜೆಲಿನ್‌ಳ ಅಮ್ಮ ಸತ್ತದ್ದು ಹಾಗೆ. ಆ ತಗಡು ಪಕ್ಕದ ಮನೆಯದು. ಊರಿಗೆಲ್ಲ ಅಣ್ಣನಾಗಿ ‘ಮಾನೋ’ ಎನಿಸಿಕೊಂಡ ಬಡಗಿ ಪಾಸ್ಯೋನದು. ಅವನು ಅದನ್ನು ಬರಿಗೈಯಲ್ಲಿ ಹಿಡಿದುಕೊಂಡಿದ್ದ. ಗಾಳಿ ತಗಡನ್ನೂ ಒಯ್ದಿತು, ಅವನ ಎಡಗೈಯ ಮೂರು ಬೆರಳನ್ನೂ ಒಯ್ದಿತು. ಈ ಹನ್ನೊಂದು ವರ್ಷದಲ್ಲಿ ಅವನು ಅದರ ಬಗ್ಗೆ ಒಂದು ಮಾತಾಡಿಲ್ಲ. ಅವಳೂ ಕೇಳಿಲ್ಲ. ಅವನು ಹಿಡಿದ ಮೀನಿನಲ್ಲಿ ಒಂದು ಪಾಲು ಅವಳ ಮನೆ ಬಾಗಿಲಿಗೆ ಬರುತ್ತಿತ್ತು, ಅಷ್ಟೇ.

ಈಗ ದಡದಲ್ಲಿ ಮನೆ ಕಟ್ಟಬಾರದೆಂದು ಸರ್ಕಾರ ಹೇಳಿತ್ತು. ಗುಡ್ಡಕ್ಕೆ ಹೋಗಿ ಎಂದಿತ್ತು. ಗುಡ್ಡದ ಬುಡದಲ್ಲಿ ದೊಡ್ಡ ಬೋರ್ಡು ನಿಂತಿತು. ‘ಗಾಳಿಗೆ ಏಳದ, ಏಟಿಗೆ ಬಗ್ಗದ ಲೋಹದ ಚಾವಣಿ.’ ಕೆಲಸ ಶುರುವಾದ ದಿನ ವೆರ್ಗಾರಾ ಎಲ್ಲರನ್ನೂ ಸೇರಿಸಿ, ಎತ್ತರದ ಕಂಬದಿಂದ ಒಂದು ಉಕ್ಕಿನ ಗುಂಡನ್ನು ತಗಡಿನ ಮೇಲೆ ಬೀಳಿಸಿ ತೋರಿಸಿದ್ದ. ಸಣ್ಣದೊಂದು ಗುಳಿ ಬಿತ್ತು. ಅಷ್ಟೇ. ಜನ ಚಪ್ಪಾಳೆ ತಟ್ಟಿದರು. ಸಂಜೆ ಆ ತಗಡನ್ನು ತಂದ ಲಾರಿಯಲ್ಲೇ ಹೇರಿಕೊಂಡು ವಾಪಸ್ ಒಯ್ದರು. ಯಾಕೆಂದು ಯಾರೂ ಕೇಳಲಿಲ್ಲ.

ತಪ್ಪು ಊರಿನವರದೂ ಇತ್ತು. ಅದು ಈ ದಡದವರು ಮಾತ್ರ ಮಾಡುವಂಥ ತಪ್ಪು.

ಇಲ್ಲಿ ತಿಕ್ಲೋಸ್ ಎಂಬುದೊಂದಿದೆ. ಯಾರದಾದರೂ ಮನೆ ಎತ್ತಬೇಕಾದರೆ, ಗದ್ದೆ ನಾಟಿಯಾಗಬೇಕಾದರೆ ಪಾಸ್ಯೋ ಶಂಖ ಊದುತ್ತಾನೆ. ಮನೆಗೊಬ್ಬರು ಬರಲೇಬೇಕು. ಕೂಲಿಯಿಲ್ಲ. ಕರೆದವರು ಅನ್ನ, ಒಣಮೀನು, ತೆಂಗಿನ ಕಳ್ಳು ಕೊಡುತ್ತಾರೆ. ನಾಳೆ ಅವರೂ ಇನ್ನೊಬ್ಬರ ಮನೆಗೆ ಬರುತ್ತಾರೆ. ತಿಕ್ಲೋಸಿಗೆ ಬರುವುದಿಲ್ಲ ಎಂದವರ ಮನೆಯ ಹೆಣಕ್ಕೂ ಜನ ಸೇರುವುದಿಲ್ಲ. ಮನೆಗಳ ತಗಡು ಹೊತ್ತ ಮೊದಲ ಲಾರಿ ಬಂದ ದಿನ ಗುಡ್ಡದ ಬುಡಕ್ಕೇ ರಸ್ತೆ ಮುಗಿದು, ಡ್ರೈವರ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಪಾಪ ಅನ್ನಿಸಿತು. ಪಾಸ್ಯೋ ಶಂಖ ಊದಿದ. ಊರು ಬಂದು ಲಾರಿ ಖಾಲಿ ಮಾಡಿ, ತಗಡನ್ನೆಲ್ಲ ಗುಡ್ಡಕ್ಕೆ ಹೊತ್ತುಹಾಕಿತು. ಡ್ರೈವರಿಗೂ ಅನ್ನ ಹಾಕಿತು.

ವೆರ್ಗಾರಾ ಅವತ್ತೇ ಆ ಪದ ಕಲಿತುಕೊಂಡ. ಮರುದಿನದಿಂದ ದಿನಾ ತಿಕ್ಲೋಸ್. ಹೊರುವುದು ತಿಕ್ಲೋಸ್, ಮಣ್ಣು ಅಗೆಯುವುದು ತಿಕ್ಲೋಸ್, ಅವನ ಕಂಟೇನರ್ ಆಫೀಸಿಗೆ ನೀರು ತುಂಬುವುದೂ ತಿಕ್ಲೋಸ್. ಅನ್ನವೂ ಇಲ್ಲ, ಕಳ್ಳೂ ಇಲ್ಲ. ಬರದವರ ಹೆಸರು ಮನೆ ಕೊಡುವ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ ಎಂದ. ಊರಿನ ಮುಖಂಡ ಕಪಿತಾನ್ ತಲೆಯಾಡಿಸಿದ.

ಐದು ತಿಂಗಳು ಹೊತ್ತರು. ಎರಡಾಳುದ್ದದ ತಗಡು. ಮುಂದೊಬ್ಬಳು, ಹಿಂದೊಬ್ಬಳು, ತಲೆಯ ಮೇಲೆ ಸಿಂಬೆ. ಗುಡ್ಡದ ತಿರುವಿನಲ್ಲಿ ಸಮುದ್ರದ ಗಾಳಿ ಅಡಿಯಿಂದ ನುಗ್ಗಿ ತಗಡನ್ನು ಎತ್ತುತ್ತಿತ್ತು. ಬಿಟ್ಟರೆ ಹಿಂದಿನವಳ ಕತ್ತು. ಬಿಡದಿದ್ದರೆ ತನ್ನ ಕೈ. ಹೆಂಗಸರು ಬಿಡುತ್ತಿರಲಿಲ್ಲ. ಅಂಗೈ ಸೀಳುತ್ತಿತ್ತು. ಬೆವರು ಇಳಿದು ಉರಿಯುತ್ತಿತ್ತು. ಸಂಜೆ ಅದೇ ಕೈಯಲ್ಲಿ ಮೀನಿಗೆ ಉಪ್ಪು ಹಚ್ಚಬೇಕು. ಉಪ್ಪು ಹಚ್ಚುವಾಗ ಮಾತ್ರ ಅವರು ಅಳುತ್ತಿದ್ದರು.

“ಇಂಜಿನಿಯರ್ ಬಂದ್ರು, ದಾರಿ ಬಿಡ್ರೇ!” ಎಂದು ಕೂಗುತ್ತಿದ್ದವಳು ಮಾನಾ ಲೂದಿಂಗ್. ಊರಿನ ಅಕ್ಕ. ಗಂಡನಿಲ್ಲ, ಹಲ್ಲು ಅರ್ಧ ಇಲ್ಲ, ನಾಲಿಗೆ ಪೂರ್ತಿ ಇತ್ತು. “ಇಂದಾಯ್, ಆ ಹಾಳೇಲಿ ನನ್ನ ಕತ್ತಿನ ಉದ್ದಾನೂ ಬರ್ಕೋ. ಹೋದ ತಿಂಗಳಿಗಿಂತ ಎರಡು ಬೆರಳು ಕಡಿಮೆ ಆಗಿದೆ.”

ಇಂದಾಯ್ ಎಂದರೆ ಇಲ್ಲಿ ಎಲ್ಲರ ಮನೆಯ ಹುಡುಗಿ. ಜೆಲಿನ್ ನಕ್ಕು ತಲೆ ತಗ್ಗಿಸಿದಳು.

“ಈ ತಗಡು ಗಟ್ಟಿ ತಾನೆ?” ಎಂದಳು ಲೂದಿಂಗ್. “ನೀನು ಅಳ್ದಿದೀಯಲ್ಲ, ಹೇಳು.”

“ಹಾಳೇಲಿ ಅರ್ಧ ಮಿಲಿಮೀಟರ್ ಅಂತ ಇದೆ, ಮಾನಾ.”

“ಹಾಳೇದ್ ಬಿಡು. ನೀನ್ ಹೇಳಿದ್ರೆ ಸಾಕು ನಂಗೆ.”

ಆ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತು. ಅವಳು ಅದನ್ನು ಡೈರಿಯಲ್ಲಿ ಕೂಡ ಬರೆಯಲಿಲ್ಲ.

ನಲವತ್ತೊಂದನೇ ಮನೆ ಪಾಸ್ಯೋನದು. ಚಾವಣಿ ಬಾಕಿ ಉಳಿದಿದ್ದ ಮನೆ ಅದೊಂದೇ. ಬಡಗಿಯಾದ್ದರಿಂದ ಬೇರೆಯವರದೆಲ್ಲ ಮುಗಿಸಿ ತನ್ನದಕ್ಕೆ ಕೈ ಹಾಕಿದ್ದ. ಮಧ್ಯಾಹ್ನ ವೆರ್ಗಾರಾ ಕಂಟೇನರಿನ ಏಸಿಯಲ್ಲಿ ಊಟ ಮಾಡುವ ಹೊತ್ತು. ಪಾಸ್ಯೋ ತನ್ನ ಪಾಲಿನ ಒಂದು ತಗಡನ್ನು ಎರಡು ಮರದ ಸ್ಟ್ಯಾಂಡುಗಳ ಮೇಲೆ ಹಾಸಿದ. ಚಾವಣಿಯಲ್ಲಿ ಇರುವಷ್ಟೇ ಅಂತರಕ್ಕೆ ಅಡಿಯಲ್ಲಿ ರೀಪು ಕೊಟ್ಟ. ಸಿಪ್ಪೆ ಸುಲಿಯದ ಒಂದು ಒಣ ತೆಂಗಿನಕಾಯಿ ಹೊತ್ತು ಏಣಿ ಹತ್ತಿದ.

ಈ ದಡದ ಹಳೆಯ ಬಡಗಿಗಳ ಪರೀಕ್ಷೆ ಅದು. ಬಿರುಗಾಳಿಯಲ್ಲಿ ಇಲ್ಲಿ ಮನೆಗೆ ಬಡಿಯುವುದು ಉಕ್ಕಿನ ಗುಂಡಲ್ಲ, ತೆಂಗಿನಕಾಯಿ. ಸಾವಿರ ಮರದ ಕಾಯಿ ಅಡ್ಡಡ್ಡ ಹಾರಿ ಬರುತ್ತವೆ. ತೂತು ಬಿದ್ದ ಕಡೆ ಗಾಳಿ ಒಳಹೊಕ್ಕರೆ ಮುಗಿಯಿತು. ಚಾವಣಿ ಒಳಗಿನಿಂದಲೇ ಏಳುತ್ತದೆ.

“ಮಾನೋ, ಬೇಡ,” ಎಂದಳು ಜೆಲಿನ್. ಅವಳಿಗೇ ಕೇಳದಷ್ಟು ಮೆಲ್ಲಗೆ.

ಕಾಯಿ ಬಿತ್ತು. ಶಬ್ದವೇ ಆಗಲಿಲ್ಲ ಎನ್ನುವಂತೆ ತಗಡು ಬಾಯಿ ಬಿಟ್ಟಿತು. ಕಾಯಿ ಹರಿದುಕೊಂಡು ಕೆಳಗಿಳಿದು, ಉರುಳಿ, ಅವಳ ಬೂಟಿನ ಹತ್ತಿರ ನಿಂತಿತು.

ಲೂದಿಂಗ್ ಬಂದು ತೂತಿನಲ್ಲಿ ಕೈ ಹಾಕಿ ನೋಡಿದಳು. ಸೊಂಟದಿಂದ ಮೀನಿನ ರೆಕ್ಕೆ ಕತ್ತರಿಸುವ ಕತ್ತರಿ ತೆಗೆದಳು. ಹರಿದ ಅಂಚಿಗೆ ಇಟ್ಟು ಒತ್ತಿದಳು. ಕತ್ತರಿ ನಡೆಯಿತು. ಒಂದು ಗೇಣು, ಎರಡು ಗೇಣು. ಕೆಂಪು ಬಣ್ಣದ ಪಟ್ಟಿಯೊಂದು ಸುರುಳಿಯಾಗಿ ಕೆಳಗೆ ಬಿತ್ತು.

“ಬಂಗುಡೆ ಇದಕ್ಕಿಂತ ಗಟ್ಟಿ ಕಣ್ರೇ,” ಎಂದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ.

ಪಾಸ್ಯೋ ಏಣಿ ಇಳಿದು ಬಂದ. ಸೀದಾ ಜೆಲಿನ್ ಎದುರು ನಿಂತ. ಬೆರಳಿಲ್ಲದ ಕೈಯನ್ನು ಯಾವತ್ತಿನಂತೆ ಬೆನ್ನ ಹಿಂದೆ ಇಟ್ಟುಕೊಳ್ಳಲಿಲ್ಲ.

“ಅವತ್ತು ನನ್ನ ಮನೇದು ಇದಕ್ಕಿಂತ ದಪ್ಪ ಇತ್ತು, ಇಂದಾಯ್,” ಎಂದ. “ಅದೇ ನಿಲ್ಲಲಿಲ್ಲ. ನನ್ನ ಕೈಲಿ ನಿಲ್ಲಲಿಲ್ಲ. ಇನ್ನೊಬ್ಬರ ಮನೆಗೆ ನನ್ನ ತಗಡು ಇನ್ನೊಂದ್ಸಲ ಹಾರ್ಕೊಂಡ್ ಹೋಗಬಾರ್ದು. ಅದಕ್ಕೆ ನೋಡ್ದೆ.”

ಹನ್ನೊಂದು ವರ್ಷದ ಮೇಲೆ ಆಡಿದ ಮಾತು ಅದು. ಅವಳು ಏನಾದರೂ ಹೇಳಬೇಕಿತ್ತು. ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡಳು.

ವೆರ್ಗಾರಾ ಬಾಯಿ ಒರೆಸಿಕೊಳ್ಳುತ್ತ ಬಂದ. ತೂತು ನೋಡಿದ. ಕಾಯಿ ನೋಡಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

“ಸರ್ಕಾರದ ಮಾಲು ಹಾಳು ಮಾಡಿದೀಯ,” ಎಂದ. “ಎತ್ತು ಅದನ್ನ.”

“ಸರ್?”

“ಎತ್ತಿ ಹಿಡ್ಕೋ. ಫೋಟೋ ಬೇಕು. ಮುಖ ಕಾಣ್ಬೇಕು, ತೂತೂ ಕಾಣ್ಬೇಕು.”

ಪಾಸ್ಯೋ ಎತ್ತಿದ. ಏಳು ಬೆರಳಿನಲ್ಲಿ ಅಷ್ಟುದ್ದದ ತಗಡು. ಗಾಳಿಗೆ ಅಲ್ಲಾಡುತ್ತಿತ್ತು. ವೆರ್ಗಾರಾ ಫೋನ್ ಹಿಡಿದು ಹಿಂದೆ ಹೋದ, ಮುಂದೆ ಬಂದ. “ಇನ್ನೂ ಮೇಲೆ. ತಲೆ ಎತ್ತು. ಅಲ್ಲಾಡಿಸ್ಬೇಡ, ಅಲ್ಲಾಡಿಸಿದ್ರೆ ಹೆಂಗೆ ತೆಗೀಲಿ?” ಬಿಸಿಲಿಗೆ ಕಾದ ತಗಡು. ಅರವತ್ತು ದಾಟಿದ ಮನುಷ್ಯ. ತೋಳು ನಡುಗಿತು. ಅಂಗೈಯಿಂದ ಮೊಣಕೈಗೆ ರಕ್ತ ಸಣ್ಣಗೆ ಇಳಿಯಿತು. ಹೆಂಗಸರು ನೆಲ ನೋಡಿದರು. ಐದು ತಿಂಗಳು ತಿಕ್ಲೋಸ್ ಮಾಡಿದ ಊರು, ಆ ತಗಡಿಗೆ ಒಂದು ಕೈ ಕೊಡಲಿಲ್ಲ. ಜೆಲಿನ್ ಕೂಡ ಕೊಡಲಿಲ್ಲ.

“ನಲವತ್ತೊಂದನೇ ಮನೆ ಪಟ್ಟಿಯಿಂದ ತೆಗ್ದಿದೀನಿ,” ಎಂದ ವೆರ್ಗಾರಾ. “ಇಳಿಸ್ಬಹುದು.”

ಆಮೇಲೆ ಅವಳನ್ನು ಕಂಟೇನರಿಗೆ ಕರೆದ. ತಣ್ಣಗಿನ ಕೋಲಾ ಮುಂದಿಟ್ಟ.

“ಇಂಜಿನಿಯರ್ ಜೆಲಿನ್, ಒಂದು ವರದಿ. ಟೈಪ್ ಆಗಿದೆ. ಓದಿ ಸಹಿ ಹಾಕಿ.”

ಓದಿದಳು. ತಗಡಿನ ದಪ್ಪ ತಾನು ಅಳೆದಿದ್ದೇನೆ, ಅರ್ಧ ಮಿಲಿಮೀಟರ್ ಸರಿಯಾಗಿದೆ, ಫಲಾನುಭವಿ ದುರುದ್ದೇಶದಿಂದ ಹರಿದಿದ್ದಾನೆ ಎಂದಿತ್ತು.

“ಸರ್, ಸ್ಕ್ರೂಗೇಜ್...”

“ಏನು?”

“ಇನ್ನೂ ಬಂದಿಲ್ಲ.”

ವೆರ್ಗಾರಾ ಕೋಲಾದ ಬಾಟಲಿಯನ್ನು ಅವಳ ಕಡೆ ಇನ್ನಷ್ಟು ಸರಿಸಿದ. “ನೋಡು ಹುಡುಗಿ,” ಎಂದ. ಇಂಜಿನಿಯರ್ ಹೋಗಿ ಹುಡುಗಿ ಬಂದಿತ್ತು. “ನಿನ್ನ ಸಹಿ ಐವತ್ತೊಂಬತ್ತು ಕಡೆ ಇದೆ. ನನ್ನ ಸಹಿ ಎಲ್ಲೂ ಇಲ್ಲ. ಸುಳ್ಳು ಅಂತ ಯಾರಾದ್ರೂ ಅಂದ್ರೆ, ಸುಳ್ಳು ಬರೆದವಳು ನೀನು. ಲೈಸೆನ್ಸ್ ಪರೀಕ್ಷೆ ಬರೀಬೇಕು ಅಂತಿದೀಯಲ್ಲ? ಸುಳ್ಳು ಸಹಿ ಹಾಕಿದವರನ್ನ ಆ ಪರೀಕ್ಷೆ ಕೋಣೆ ಬಾಗಿಲಿಗೂ ಬಿಟ್ಕೊಳ್ಳಲ್ಲ. ಅರವತ್ತನೇದಕ್ಕೂ ಹಾಕು. ಎಲ್ರಿಗೂ ಕ್ಷೇಮ.”

ಅವಳು ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಬರುತ್ತೇನೆ ಸರ್ ಎಂದು ಹೊರಗೆ ಬಂದಳು. ಇಳಿಜಾರಿನಲ್ಲಿ ಬೂಟು ಜಾರಿತು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಆ ಕೋಲಾವನ್ನು ಅರ್ಧ ಕುಡಿದಿದ್ದಳು.

ಮರುದಿನ ಬೆಳಿಗ್ಗೆ ಶಂಖ ಮೊಳಗಲಿಲ್ಲ.

ಕಪಿತಾನ್ ಪಾಸ್ಯೋನ ಗುಡಿಸಲಿಗೆ ಓಡಿದ. “ಮಾನೋ, ಕೈ ಮುಗೀತೀನಿ. ನಾಳಿದ್ದು ಬೀಗದ ಕೈ ಕೊಡೋ ಕಾರ್ಯಕ್ರಮ. ಪಟ್ಟಣದಿಂದ ದೊಡ್ಡೋರು ಬರ್ತಾರೆ. ಅಂಗಳ ಸಮ ಆಗ್ಬೇಕು, ಪೆಂಡಾಲಿಗೆ ತಗಡು ಹೊರ್ಬೇಕು. ಊದು.”

“ಬೆರಳಿಲ್ಲ ಕಪಿತಾನ್,” ಎಂದ ಪಾಸ್ಯೋ. “ಶಂಖ ಹಿಡಿಯೋಕಾಗಲ್ಲ.”

ವೆರ್ಗಾರಾ ಶಿಳ್ಳೆ ಊದಿದ. ಹೆಂಗಸರು ಬಂದರು. ಬಂದವರು ತಗಡಿನ ರಾಶಿಯ ಹತ್ತಿರ ನಿಂತರು. ಲೂದಿಂಗ್ ತಲೆಯ ಸಿಂಬೆ ತೆಗೆದು, ರಾಶಿಯ ಮೇಲೆ ಹಾಸಿ, ಅದರ ಮೇಲೆ ಕೂತಳು. ಉಳಿದವರೂ ಕೂತರು.

“ಏಳು,” ಎಂದ ವೆರ್ಗಾರಾ. “ತಿಕ್ಲೋಸ್.”

“ತಿಕ್ಲೋಸ್ ಅಂದ್ರೆ ಏನು ಗೊತ್ತಾ ಸರ್? ಕರೆದೋರ ಮನೇಲಿ ಕಷ್ಟ ಇರ್ಬೇಕು. ನಿಮ್ಮನೇಲಿ ಏನ್ ಕಷ್ಟ, ಹೇಳಿ. ಹೆಂಡ್ತಿ ಬಾಣಂತೀನಾ? ಅಪ್ಪ ಹಾಸಿಗೆ ಹಿಡಿದಿದಾರಾ? ಹೇಳಿ, ಈಗ್ಲೇ ಎದ್ದು ಬರ್ತೀವಿ. ಅನ್ನಾನೂ ನಾವೇ ತರ್ತೀವಿ.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ವೆರ್ಗಾರಾನ ಕಿವಿ ಕೆಂಪಾಯಿತು.

“ಹೊರದೋರಿಗೆ ನಾಳಿದ್ದು ಬೀಗದ ಕೈ ಇಲ್ಲ.”

“ನನ್ನ ಮೂಳೆ ಮುರಿದು ಕಟ್ಟಿಸ್ಕೊಂಡಿರೋ ಮನೆಗೆ ನೀನ್ ಬೀಗ ಹಾಕ್ತೀಯಾ? ಹಾಕೋ! ನಿನ್ನ ತಗಡಿಗೆ ಬಾಗಿಲು ಯಾಕೆ ಬೇಕು? ಕತ್ತರಿ ಇದೆ ನನ್ನ ಹತ್ರ.”

ಆದರೆ ಎಲ್ಲರೂ ಲೂದಿಂಗ್ ಅಲ್ಲ. ಕೈಗೂಸು ಇದ್ದವರು, ಗುಡಿಸಲು ಸೋರುವವರು, ಒಬ್ಬೊಬ್ಬರಾಗಿ ಎದ್ದು ಸಿಂಬೆ ಸುತ್ತಿಕೊಂಡರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅರ್ಧ ಜನ ಹೊರುತ್ತಿದ್ದರು. ಲೂದಿಂಗ್ ಅವರನ್ನು ಬೈಯಲಿಲ್ಲ. ಬಿಸಿಲಿನಲ್ಲಿ ಸಂಜೆಯವರೆಗೂ ಅಲ್ಲೇ ಕೂತಿದ್ದಳು. ಜೆಲಿನ್ ಅವಳಿಗೆ ನೀರು ಒಯ್ದು ಕೊಟ್ಟಳು.

ಲೂದಿಂಗ್ ನೀರು ಕುಡಿದು ಬಾಯಿ ಒರೆಸಿಕೊಂಡಳು. “ನಿನ್ನೆ ನಾನು ಕತ್ತರಿಸ್ದಾಗ ನಿನ್ನ ಮುಖ ನೋಡ್ದೆ,” ಎಂದಳು. “ನಿಂಗೆ ಆಶ್ಚರ್ಯ ಆಗ್ಲಿಲ್ಲ.”

ಜೆಲಿನ್ ಲೋಟ ಹಿಡಿದು ನಿಂತಳು.

“ನಂಗ್ಯಾಕೆ ಹೇಳ್ತೀಯ ಬಿಡು. ನಾನು ಓದಿಲ್ಲ,” ಎಂದು ಲೂದಿಂಗ್ ಮುಖ ತಿರುಗಿಸಿಕೊಂಡಳು.

ಕಾರ್ಯಕ್ರಮದ ದಿನ ಬೆಳಿಗ್ಗೆಯೇ ಬಿಸಿಲು ಏರಿತ್ತು. ಗುಡ್ಡದ ಮೇಲೆ ಕೆಂಪು ಚಾವಣಿಗಳು ಮಿಂಚುತ್ತಿದ್ದವು. ನೋಡಲು ಚೆಂದ. ಪೆಂಡಾಲಿನಡಿ ಅತಿಥಿಗಳಿಗೆ ಕುರ್ಚಿ, ಇಡಿಯಾಗಿ ಸುಟ್ಟ ಹಂದಿ, ಬಾಳೆಲೆಯ ಮೇಲೆ ರಾಶಿ ಅನ್ನ. ಊರಿನವರು ಹಗ್ಗದಾಚೆ ನಿಂತಿದ್ದರು. ಪಾದ್ರಿಗಳು ಮನೆಮನೆಗೆ ತೀರ್ಥ ಚಿಮುಕಿಸಿ ಬಂದರು. ಹಣ ಕೊಟ್ಟ ಸಂಸ್ಥೆಯಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು ಪ್ರತಿ ಚಾವಣಿಗೂ ತಲೆಯೆತ್ತಿ ನೋಡಿ ನಗುತ್ತಿದ್ದರು.

ಕಪಿತಾನ್ ಮೈಕಿನಲ್ಲಿ ಹೆಸರು ಕರೆದ. ಒಬ್ಬೊಬ್ಬರು ಹಗ್ಗದಡಿ ಬಗ್ಗಿ ಬಂದು ಬೀಗದ ಕೈ ಪಡೆದು, ಫೋಟೋಗೆ ನಿಂತು ಹೋದರು. ಮೂವತ್ತೊಂಬತ್ತು. ನಲವತ್ತು. ನಲವತ್ತೆರಡು.

“ನಲವತ್ತೊಂದೆಲ್ಲಿ?” ಲೂದಿಂಗ್‌ಳ ದನಿ.

ಕಪಿತಾನ್ ಕೇಳಿಸದವನಂತೆ ಮುಂದಿನ ಹೆಸರು ಓದಿದ.

“ಏಯ್ ಕಪಿತಾನ್! ಲೆಕ್ಕ ಬರಲ್ವಾ ನಿಂಗೆ? ನಲವತ್ತಾದ್ಮೇಲೆ ನಲವತ್ತೊಂದು. ಮಾನೋ ಪಾಸ್ಯೋ ಇಲ್ಲೇ ನಿಂತಿದಾನೆ. ಅರವತ್ತು ಮನೆ ತೊಲೆ ಎತ್ತಿದ್ದು ಅವನು!”

ಅತಿಥಿ ಹೆಂಗಸು ತಿರುಗಿ ನೋಡಿದರು. ಏನಾಯಿತು ಎಂದರು. ವೆರ್ಗಾರಾ ಎದ್ದು ಮೈಕ್ ತೆಗೆದುಕೊಂಡ. ಬೇಸರದ ನಗೆ ನಕ್ಕ.

“ಏನಿಲ್ಲ ಮೇಡಂ. ಒಬ್ಬ ಫಲಾನುಭವಿ ಬೇಕಂತಲೇ ಚಾವಣಿ ಹರಿದು ಹಾಕಿದ್ದಾರೆ. ಫೋಟೋ ಇದೆ. ತಗಡಿನ ಬಗ್ಗೆ ಅನುಮಾನವೇ ಬೇಡ. ಒಂದೊಂದು ಚಾವಣಿಯನ್ನೂ ಅಳೆದು ಸಹಿ ಹಾಕಿದವರು ಹೊರಗಿನವರಲ್ಲ, ಇದೇ ಊರಿನ ಮಗಳು. ನಮ್ಮ ಇಂಜಿನಿಯರ್ ಜೆಲಿನ್. ಬನ್ನಿ ಇಂಜಿನಿಯರ್, ಒಂದು ಮಾತು ಹೇಳಿಬಿಡಿ. ಎಲ್ಲ ಸರಿಯಿದೆ ಅಂತ. ಅಷ್ಟು ಸಾಕು.”

ಅವಳು ಅತಿಥಿಗಳ ಸಾಲಿನ ಕೊನೆಯಲ್ಲಿ ನಿಂತಿದ್ದಳು. ನಡೆದಳು. ಮೈಕ್ ಕೈಗೆ ಬಂತು. ಹಗ್ಗದಾಚೆ ಊರೇ ಅವಳನ್ನು ನೋಡುತ್ತಿತ್ತು. ಅವರ ಕೈಯಲ್ಲಿ ಹೊಸ ಬೀಗದ ಕೈಗಳಿದ್ದವು. ಇಂದು ಸಂಜೆ ಮಕ್ಕಳನ್ನು ಕರೆದುಕೊಂಡು ಆ ತಗಡಿನಡಿ ಹೋಗುವವರು. ಅವಳ ಮಾತಿನ ಮೇಲೆ ಹೋಗುವವರು. ಡಿಸೆಂಬರಿನ ಗಾಳಿಗೆ ಇನ್ನು ಆರು ವಾರವೂ ಇರಲಿಲ್ಲ. ಪಾಸ್ಯೋ ಎಲ್ಲರ ಹಿಂದೆ, ಯಾರನ್ನೂ ನೋಡದೆ ನಿಂತಿದ್ದ. ತಾನು ಬಾಯಿ ತೆರೆದರೆ ಲೈಸೆನ್ಸ್ ಇಲ್ಲ, ಕೆಲಸವಿಲ್ಲ. ಬಹುಶಃ ಪೊಲೀಸ್ ಠಾಣೆ. ಅದೆಲ್ಲ ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಲೂದಿಂಗ್ ಅವಳ ಮುಖವನ್ನೇ ನೋಡುತ್ತಿದ್ದಳು.

“ಹೇಳಿ ಇಂಜಿನಿಯರ್,” ಎಂದ ವೆರ್ಗಾರಾ.

ಅವಳು ಬಾಯಿ ತೆರೆದಳು. ಮೈಕ್ ಕಿರುಚಿತು. ಸ್ವಲ್ಪ ದೂರ ಹಿಡಿದಳು.

“ನಾನು ಒಂದು ತಗಡನ್ನೂ ಅಳೆದಿಲ್ಲ,” ಎಂದಳು. “ಅಳೀದೇನೇ ಸಹಿ ಹಾಕಿದೀನಿ. ಐವತ್ತೊಂಬತ್ತು ಮನೆಗೂ.”